ನಾನು ಬಿಟ್ಟ ಹೆಸರು

ಹಲಸೂರಿನ ಕಡೆ ನಮ್ಮ ಚರ್ಚಿನ ಪಾಲಕ ಸಂತ ಸೆಬಾಸ್ಟಿಯನ್, ಪ್ಲೇಗಿನಿಂದ ಕಾಯುವವರು. ೧೯೯೮ರ ಶತಮಾನೋತ್ಸವಕ್ಕೆ, ಇಲ್ಲಿ ಸೇವೆ ಮಾಡಿ ತೀರಿಹೋದ ಗುರುಗಳ ಪಟ್ಟಿ ಬರೆದವನು ನಾನೇ. ಐದನೆಯವರಾದ ಇನ್ನಾಸಪ್ಪ ಸ್ವಾಮಿಗಳನ್ನು ಬೇಕೆಂದೇ ಬಿಟ್ಟೆ. ಮುಂದೆ ಪ್ಲೇಗು ಮತ್ತೆ ಬಂದಾಗ, ರೋಗಿಗಳನ್ನಿಟ್ಟ ಗುಡಿಸಲುಗಳಲ್ಲಿ ಸಾಯುವವರಿಗೆ ಕೊನೆಯ ಸಂಸ್ಕಾರ ಕೊಟ್ಟು ಬಂದ ಅವರು ಒಳಬರದಂತೆ, ಸೋಂಕಿಗೆ ಹೆದರಿ ಚರ್ಚಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದವನು ನನ್ನ ತಾತ. ಅವರು ಚರ್ಚಿನ ಮೆಟ್ಟಿಲ ಮೇಲೇ ತೀರಿಕೊಂಡರಂತೆ. ತಾತ ಸಾಯುವಾಗ ನನಗೊಬ್ಬನಿಗೇ ಹೇಳಿದ್ದು. ಮನೆತನದ ಮಾನ ನೋಡಿ ನಾನು ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ.

ಹಬ್ಬದ ಬೆಳಗಿನ ಪೂಜೆಯಲ್ಲಿ ಫಾದರ್ ಪಟ್ಟಿ ಓದಿದರು. ಒಂದೊಂದು ಹೆಸರಿಗೂ ಜನ, "ಪ್ರಭುವೇ, ನಿತ್ಯ ವಿಶ್ರಾಂತಿ ನೀಡು" ಎಂದರು. ನಾಲ್ಕನೆಯ ಹೆಸರಾದ ಮೇಲೆ ಫಾದರ್ ಸುಮ್ಮನೆ ಉಸಿರೆಳೆದುಕೊಂಡರು, ಅಷ್ಟೇ. ಹಾರುಹೊಡೆದ ಬಾಗಿಲಿನ ಕಡೆಯಿಂದ ಅಗುಳಿ ಅಲುಗಿದ ಸದ್ದು ಬಂತು. ಚರ್ಚಿಗೆ ಚರ್ಚೇ, "ಪ್ರಭುವೇ, ನಿತ್ಯ ವಿಶ್ರಾಂತಿ ನೀಡು" ಎಂದಿತು. ನಾನೊಬ್ಬ ತಲೆ ತಗ್ಗಿಸಿ ಕೂತಿದ್ದೆ.

ಮನೆಗೆ ಬರುವಾಗ ಹೆಂಡತಿ ಫಿಲೋಮಿನಾ ಕೇಳಿದಳು: "ಅಲ್ಲಾ ರೀ, ಇನ್ನಾಸಪ್ಪ ಸ್ವಾಮಿಗಳ ಹೆಸರು ಓದ್ದಾಗ ನೀವೊಬ್ರು ಮಾತ್ರ ಯಾಕೆ ಸುಮ್ನಿದ್ರಿ?"