ಬಿಳಿ ಹಾಸಿನ ಮೇಲೊಂದು ಕಂದು ಕಲೆ

"ಮಾಮಾ, ಕೈ ತೆಗಿ!"

ಶಿವಗಾಮಿಯ ಕೂಗಿಗೆ ಗುಂಡಿ ಮಗ್ಗದಲ್ಲಿ ಕೂತಿದ್ದ ಚಿನ್ನಸಾಮಿ ಬೆಚ್ಚಿಬಿದ್ದ.

ಮಗ್ಗದುದ್ದ ಬಿಗಿದ ಎಳೆಗಳ, ಹಾಲಿನಂಥ ರೇಷ್ಮೆ ಹಾಸು. ಕಡಿದ ಎಳೆಯನ್ನು ಎಲ್ಲ ನೇಕಾರರಂತೆ ಅವನೂ ಬೆರಳಿಗೆ ಎಂಜಲು ಹಚ್ಚಿ ಹೊಸೆದಿದ್ದ. ಹೊಸೆದ ಜಾಗದಲ್ಲಿ ಕಂದು ಕಲೆ!

ರೇಷ್ಮೆಯ ಹತ್ತಿರ ಬೀಡಿ ಹಚ್ಚುವಂತಿಲ್ಲ. ಅದಕ್ಕೇ ಬೆಳಗಿನಿಂದ ಅವನ ದವಡೆಯಲ್ಲಿ ಹೊಗೆಸೊಪ್ಪು.

"ಒಂದು ಚುಕ್ಕೆ ತಾನೆ ಅಮ್ಮಿಣಿ... ತೊಳುದ್ರೆ ಓಯ್ತದೆ."

"ಅಪ್ಪನ ಬಾಯಿ ಹುಣ್ಣು ತೊಳುದ್ರೆ ಓಯ್ತಾ?"

ಅದೇ ಹೊಗೆಸೊಪ್ಪಿನಿಂದ ಅವಳಪ್ಪ ಬಾಯಿಹುಣ್ಣಾಗಿ, ಕೊನೆಗೆ ಗಂಜಿಯೂ ಇಳಿಯದೆ ತೀರಿಹೋದಾಗ ಹೆಗಲು ಕೊಟ್ಟವನೇ ಈ ಸೋದರಮಾವನ ಮಗ. ಬರುವ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅವಳಿಗೆ ತಾಳಿ ಕಟ್ಟಬೇಕಾದವನೂ ಅವನೇ.

"ಅದನ್ನ ಬಿಡೋವರ್ಗೂ ಈ ಮಗ್ಗಕ್ಕೆ ಬರ್ಬ್ಯಾಡ!"

ಎದ್ದು ಹೋದ. ಮತ್ತೆ ಬರಲಿಲ್ಲ.

ಒಂದು ವಾರ... ಒಂದು ತಿಂಗಳು... ತೈ ತಿಂಗಳೂ ಕಳೆಯಿತು. ಸೋಮನೂರಿನ ಪವರ್‌ಲೂಮ್ ಶೆಡ್ಡಿಗೆ ಸೇರಿದನಂತೆ. ತಮ್ಮೂರು ಸಿರುಮುಗೈಯ ಬೀದಿಯಲ್ಲಿ ಎಲ್ಲರ ಮನೆಯ ಮಗ್ಗವೂ ಮಾತಾಡುತ್ತಿತ್ತು, ಅವಳದೊಂದು ಬಿಟ್ಟು.

"ಬ್ಯಾರೆ ಆಳು ಕೂರಿಸಾನಾ?" ಅಂದಳು ತಾಯಿ ಅಂಗಮ್ಮ.

"ಬ್ಯಾಡಮ್ಮಾ."

ನಾನೇ ಓಡಿಸಿಬಿಟ್ಟೆನಾ? ಖಾಲಿ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ಆ ಕಲೆಯನ್ನೇ ನೋಡುತ್ತ ಮಧ್ಯಾಹ್ನಗಳನ್ನು ಕಳೆದಳು.

ಪಂಗುನಿ ತಿಂಗಳ ಬಿಸಿಲಲ್ಲಿ ಒಂದು ದಿನ ಬಾಗಿಲಿಗೆ ನೆರಳು ಬಿತ್ತು. ಅವನೇ! ಕೆನ್ನೆ ತುಂಬಿಕೊಂಡಿತ್ತು.

"ಸೋಮನೂರಲ್ಲಿ ಚೆನ್ನಾಗೇ ಬಡಿಸ್ತಾವ್ರೆ... ಯಾರವ್ಳು?"

ಅವನು ಜೇಬಿಗೆ ಕೈ ಹಾಕಿ ತೋರಿಸಿದ. ಹುರಿದ ಕಡ್ಲೆಕಾಯಿ!

"ಇವ್ಳೇ. ಹೊಗೆಸೊಪ್ಪಿನ ಜಾಗಕ್ಕೆ ಬಂದವ್ಳು."

ಅವಳು ನಗಲಿಲ್ಲ. ಅವನ ದನಿ ಇಳಿಯಿತು.

"ನೀ ಬೈದ ದಿವ್ಸನೇ ಕನ್ನಡೀಲಿ ನೋಡ್ದೆ. ಕೆನ್ನೆ ಒಳಗೆ ಬೆಳ್ಳಗೆ ತ್ಯಾಪೆ. ನಿಮ್ಮಪ್ಪನ್ಗೂ ಮೊದ್ಲು ಅದೇ ತಾನೆ? ಕೊಯಮತ್ತೂರು ಡಾಕ್ಟ್ರು, ಇವತ್ತೇ ಬಿಡು, ವಾಸಿ ಆಗ್ಬೋದು ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ವಾಸಿ ಆಗ್ದಿದ್ರೆ? ನಿಮ್ಮಮ್ಮನ ಹಂಗೆ ನೀನೂ ಒಂಟಿ ಕೂರೋದಾ?"

"ಈಗ ಕೂತಿರ್ಲಿಲ್ವಾ!" ಅವಳ ಕಣ್ಣು ತುಂಬಿ ಹರಿಯಿತು. "ಹೆಂಗ್ ಬಿಟ್ಟೆ ಮಾಮಾ?"

"ಆಸೆ ಎದ್ರೆ ನೀರು ಕುಡಿ, ಏನಾರ ಅಗಿ, ಐದು ನಿಮಿಷ ತಡಿ, ತಾನೇ ಇಳಿತದೆ ಅಂದ್ರು. ಮೊದಲ್ನೇ ವಾರ ತಲೆನೋವು, ಸಿಕ್ಕಿದವ್ರ ಮ್ಯಾಲೆಲ್ಲಾ ಜಗಳ! ಒಂದ್ಸಲ ಸೋತು ಹಾಕ್ಕಂಡೆ. ಮಾರನೇ ದಿನ ಮತ್ತೆ ಮೊದಲಿಂದ ಬಿಟ್ಟೆ. ತ್ಯಾಪೆ ಮಾಸ್ತಾ ಐತೆ. ಇನ್ನೂ ಡಾಕ್ಟ್ರಿಗೆ ತೋರಿಸ್ತಾ ಇರ್ಬೇಕು."

ಗುಂಡಿಗಿಳಿದ. ಕಲೆಯ ಎಳೆಯನ್ನು ಕಿತ್ತು, ಹೊಸ ಎಳೆ ಸೇರಿಸಿ, ಬೆರಳನ್ನು ನಾಲಿಗೆಗೆ ಒತ್ತಿ ಹೊಸೆದ.

ಶಿವಗಾಮಿ ಬಾಗಿ ನೋಡಿದಳು. ಎಲ್ಲಿ ಸೇರಿಸಿದನೆಂದೇ ತಿಳಿಯಲಿಲ್ಲ. ಅಷ್ಟು ಬಿಳುಪು!

"ಕೂತ್ಕೊಳ್ಲಾ, ಅಮ್ಮಿಣಿ?"

"ಕೂತ್ಕೊಂಡೇ ಕೇಳ್ತಾವ್ನೆ..." ಅವಳು ಕಣ್ಣೊರೆಸಿಕೊಂಡು ಲಾಳಿಯನ್ನು ಅವನ ಕೈಗಿಟ್ಟಳು. "ಇನ್ಮೇಲೆ ಕಡ್ಲೆಕಾಯಿ ನಾನ್ ಹುರ್ಕೊಡ್ತೀನಿ, ಮಾಮಾ."