ಹವಳದ ದಿಬ್ಬದಲ್ಲಿ ಯಾರಿದ್ದಾರೆ?

"ನೀರಲ್ಲಿ ಆತ್ಮ ಗೀತ್ಮ ಏನೂ ಇಲ್ಲ. ಅಲ್ಲಿರೋದು ಬರೀ ಪ್ರಕೃತಿ!"

ಊರ ಸಭಾಮಂಟಪದಲ್ಲಿ ಓಬೆತ್ ಹೀಗೆಂದಾಗ ಯೆಮಿಮಾಳ ಮೈ ಉರಿದುಹೋಯಿತು.

ಅಂಬೊನ್ ಪಟ್ಟಣದ ಮೀನುಗಾರಿಕೆ ಕಚೇರಿಯಿಂದ ಬಂದಿದ್ದ ಆ ಯುವಕನನ್ನು ಅವಳು ನೋಡಿದ್ದೇ ಅಂದು ಮೊದಲು. ಬಂದು ಅರ್ಧ ಗಂಟೆಯಾಗಿಲ್ಲ, ಅವಳ ತಾತನ ಬಾಳನ್ನೇ ಸುಳ್ಳು ಮಾಡಿಬಿಟ್ಟ!

ತಾತ ಮೆಲ್ಕಿಯಾನುಸ್ ನಮ್ಮೂರ ಸಮುದ್ರದ ಕಾವಲುಗಾರ. ಅವರು ಶಂಖ ಊದಿ, ದಡದಲ್ಲಿ ತೆಂಗಿನ ಗರಿ ಕಟ್ಟಿದ ಕಂಬ ನೆಟ್ಟರೆ 'ಸಾಸಿ' ಎಂಬ ನಿಷೇಧ ಬಿತ್ತೆಂದೇ ಲೆಕ್ಕ. ಆಮೇಲೆ ಎರಡು ವರ್ಷ ಹವಳದ ದಿಬ್ಬದಿಂದ ಒಳ್ಳೆ ಬೆಲೆ ಬಾಳುವ ಲೋಲಾ ಎಂಬ ಸಮುದ್ರದ ಬಸವನಹುಳುವಿನ ಒಂದು ಚಿಪ್ಪನ್ನೂ ಯಾರೂ ಎತ್ತುವಂತಿಲ್ಲ. ತೀರಿಹೋದ ಹಿರಿಯರು ನೀರಿನಲ್ಲಿದ್ದಾರೆ, ನೋಡುತ್ತಿದ್ದಾರೆ... ಕಾನೂನು ಇಷ್ಟೇ. ತಾತನ ಮಂಡಿ ಸೋತ ಮೇಲೆ ಶಂಖ ಯೆಮಿಮಾಳ ಕೈಗೆ ಬಂದಿತ್ತು.

"ಸಾಹೇಬ್ರೆ, ಈಜೋಕೆ ಬರುತ್ತಾ, ಇಲ್ಲ ಬರೀ ಮಾತಾಡೋಕೆ ಮಾತ್ರಾನಾ?" ಅಂದಳು.

"ಬರುತ್ತೆ ನೋನಾ. ನಾಳೆ ದಿಬ್ಬ ತೋರಿಸ್ತೀರಾ?"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಮ್ಮ ಕಡೆ ಕನ್ಯೆಯರನ್ನು ನೋನಾ ಎನ್ನುವುದು ವಾಡಿಕೆ. ಆದರೆ ಇವನ ಬಾಯಲ್ಲಿ ಅದು ಯಾಕೋ ಬೇರೆಯೇ ಆಗಿ ಕೇಳಿಸಿತು ಅವಳಿಗೆ.

ಅಲ್ಲಿಂದ ಮುಂದೆ ಪ್ರತಿ ಬುಧವಾರ ಅವಳ ದೋಣಿ, ಅವನ ಮುಳುಗು. ದಿಬ್ಬದ ಚಿಪ್ಪುಗಳನ್ನು ಎಣಿಸಿ ಬರೆದುಕೊಳ್ಳುವುದು ಅವನ ಕೆಲಸ. ಮಧ್ಯಾಹ್ನ ಸಾಗೋ ಹಿಟ್ಟಿನ ಗಂಜಿ, ಹುಳಿ ಮೀನುಸಾರು... ಜೊತೆಗೆ ಜಗಳ.

"ಹಿರಿಯರು ಇದ್ದಾರೆ ಅಂತೀರಲ್ಲ, ಎಲ್ಲಿ, ತೋರಿಸಿ ನೋಡೋಣ?"

"ಎಲ್ಲಾನೂ ತೋರಿಸೋಕಾಗುತ್ತಾ? ನಿಮಗೆ ಕಣ್ಣಿಗೆ ಕಂಡಿದ್ದಷ್ಟೇ ನಿಜ. ಮಿಕ್ಕಿದ್ದೆಲ್ಲ ಕಸ!"

"ಕಸ ಅಂತ ನಾನೆಲ್ಲಿ ಅಂದೆ?"

ಅವಳು ಇನ್ನೂ ಜೋರಾಗಿ ಹುಟ್ಟು ಹಾಕುತ್ತಿದ್ದಳು. 'ದೇವರೇ, ಇವನ ಮೇಲೆ ಕೋಪ ಬರಲಿ ಅಂದ್ರೆ ನಗು ಬರುತ್ತಲ್ಲ...' ಮೂರು ತಿಂಗಳು ಹೀಗೇ ಕಳೆಯಿತು. ಪಾಪ, ಇಬ್ಬರಿಗೂ ಬುದ್ಧಿಯೇನು ಕಡಿಮೆಯಿರಲಿಲ್ಲ. ಆದರೂ ನಿನ್ನ ಮಾತಿನ ಅರ್ಥವೇನೆಂದು ಒಬ್ಬರನ್ನೊಬ್ಬರು ಒಂದು ದಿನವೂ ಕೇಳಲಿಲ್ಲ.

ಅಷ್ಟರಲ್ಲಿ ಎಡವಟ್ಟಾಯಿತು. ಯೆಮಿಮಾಳ ಚಿಕ್ಕಪ್ಪನ ಮಗ ನೂಸ್ ಗೆಳೆಯರನ್ನು ಸೇರಿಸಿಕೊಂಡು ಹೊಸ ರಾಗ ತೆಗೆದ.

"ನೀರಲ್ಲಿ ಯಾರೂ ಇಲ್ಲ ಅಂತ ಕಚೇರಿಯವರೇ ಹೇಳಿದ್ದಾರೆ. ಯಾರೂ ಇಲ್ದೇ ಇದ್ಮೇಲೆ ಸಾಸಿ ಯಾರ ಹೆಸರಲ್ಲಿ? ಕಂಬ ಕಿತ್ತು ಚಿಪ್ಪು ತೆಗೆಯೋಣ!"

ಸಾಸಿ ಮುಗಿಯಲು ಇನ್ನೂ ಎಂಟು ತಿಂಗಳಿತ್ತು. ಶುಕ್ರವಾರದ ಸಭೆಯಲ್ಲಿ ತೀರ್ಮಾನವೆಂದಾಯಿತು. ಅಂದು ಕಂಬ ಬಿದ್ದರೆ ಸಂಜೆಯೊಳಗೆ ದಿಬ್ಬ ಬರಿದು. ತಾತ ಅದನ್ನು ನೋಡಿ ಬದುಕುವುದುಂಟೆ?

ಯೆಮಿಮಾ ನೇರವಾಗಿ ಓಬೆತ್‌ನ ಬಾಡಿಗೆ ಕೋಣೆಗೆ ಹೋದಳು.

"ಖುಷಿಯಾಯ್ತಾ ಸಾಹೇಬ್ರೆ?"

"ಕಂಬ ಕೀಳಿ ಅಂತ ನಾನು ಯಾವತ್ತು ಹೇಳಿದೆ ನೋನಾ?"

"ಯಾರೂ ಇಲ್ಲ ಅಂದ್ರೆ ಇನ್ನೇನರ್ಥ! ಇನ್ಮೇಲೆ ನನ್ನ ದೋಣಿ ಹತ್ತಬೇಡಿ."

ದಾರಿಯುದ್ದಕ್ಕೂ ಅತ್ತಳು. ಸಿಟ್ಟಿಗೋ, ಅವನಿಲ್ಲದ ಬುಧವಾರವನ್ನು ನೆನೆದೋ... ಅವಳಿಗೇ ತಿಳಿಯಲಿಲ್ಲ.

ಶುಕ್ರವಾರ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೂಸ್ ಬಾಯಿ ತೆರೆಯುವ ಮೊದಲೇ ತಾತ ಕೋಲೂರಿ ಎದ್ದು ನಿಂತರು.

"ಜಗಳ ಆಮೇಲೆ. ಮಗಾ ಓಬೆತ್, ಆತ್ಮ ಇಲ್ಲ ಅಂದ್ಯಲ್ಲ. ಆ ಇಲ್ದೇ ಇರೋದು ಹೇಗಿರುತ್ತೆ, ಸ್ವಲ್ಪ ಹೇಳು."

ಓಬೆತ್ ತಬ್ಬಿಬ್ಬಾದ. "ಅದೇ ತಾತ... ಸತ್ತೋರು ನೀರಲ್ಲಿ ಓಡಾಡೋದು... ಚಿಪ್ಪು ಕದ್ದೋರ ಹೊಟ್ಟೆ ಹಿಂಡೋದು..."

"ಅಯ್ಯೋ, ಅದನ್ನ ನಾನೂ ನಂಬಲ್ಲ!" ಯೆಮಿಮಾಳ ಬಾಯಿಂದ ಬಂದೇಬಿಟ್ಟಿತು.

"ಮತ್ತೆ ನೀನು ನಂಬೋದು ಏನು ಕೂಸೇ?" ತಾತ ಅವಳತ್ತ ತಿರುಗಿದರು.

ಹುಟ್ಟಿದಾಗಿನಿಂದ ಕೇಳಿದ ಮಾತು, ಹೇಳಿದ ಮಾತು... ಆದರೆ ಬಿಡಿಸಿ ನೋಡಿದ್ದಳೇ?

"ಅಜ್ಜಿ..." ಎಂದಳು ನಿಧಾನಕ್ಕೆ, ತೀರಿಹೋದ ಅಜ್ಜಿಯನ್ನು ನೆನೆದು. "ಮನೇಲಿ ಸಾಗೋ ಮುಗಿದಿದ್ದ ವರ್ಷವೂ ಅಜ್ಜಿ ಈ ದಿಬ್ಬ ಮುಟ್ಟಲಿಲ್ಲ. ಅವಳು ಬಿಟ್ಟ ಚಿಪ್ಪಿನ ಸಂತಾನವೇ ಈಗ ಇರೋದು. ಅದಕ್ಕೇ ಅವಳು ನೀರಲ್ಲಿದ್ದಾಳೆ ಅಂತೀನಿ. ಅವಳೆದುರು ಕೈ ಹಾಕೋಕೆ ನಾಚಿಕೆಯಾಗುತ್ತೆ... ಅಷ್ಟೇ."

"ನನ್ನದು ಇದಕ್ಕಿಂತ ಒಂಚೂರು ಜಾಸ್ತಿ," ಎಂದರು ತಾತ. "ನಾನು ಅವಳ ಹತ್ರ ಮಾತೂ ಆಡ್ತೀನಿ. ಇರಲಿ ಬಿಡು. ಮಗಾ, 'ಬರೀ ಪ್ರಕೃತಿ' ಅಂದ್ಯಲ್ಲ, ಆ 'ಬರೀ' ಯಾಕೆ?"

ಓಬೆತ್ ತಲೆ ತಗ್ಗಿಸಿದ. "ಅದು ನನ್ನ ತಪ್ಪು ತಾತ. ಚಿಪ್ಪು, ಉಬ್ಬರ, ಕೈ ತಡೆದ ಅಜ್ಜಿ, ನಾಚೋ ಮೊಮ್ಮಗಳು... ಎಲ್ಲಾ ಸೇರಿದ್ದನ್ನೇ ನಾನು ಪ್ರಕೃತಿ ಅನ್ನೋದು. ಯಾರೂ ಕೇಳೋರಿಲ್ಲದ ಜಾಗ ಅಂತಲ್ಲ." ನೂಸ್‌ನತ್ತ ತಿರುಗಿದ. "ಸಾಸಿ ಇಲ್ಲದ ಆಚೆ ದಿಬ್ಬದಲ್ಲಿ ಹನ್ನೊಂದು ಚಿಪ್ಪು ಸಿಕ್ತು. ಇಲ್ಲಿ ಇನ್ನೂರ ನಲವತ್ತು, ಬಹುಪಾಲು ಎಳೇವು. ಮೊಟ್ಟೆ ಇಡೋ ಮುಂಚೆ ಎತ್ತಿದ್ರೆ ಮುಂದಿನ ಸಲ ಏನು ಎತ್ತುತ್ತೀಯಾ?"

ನೂಸ್ ತಲೆ ಕೆರೆದುಕೊಂಡ. "ಮೊದಲೇ ಹಿಂಗೆ ಹೇಳೋಕೇನಾಗಿತ್ತು ನಿಮಗೆ?"

ಕಂಬ ಉಳಿಯಿತು.

ಜನ ಚದುರಿದ ಮೇಲೆ ಓಬೆತ್ ಅವಳ ಹಿಂದೆಯೇ ದಡಕ್ಕೆ ಬಂದ.

"ನೋನಾ... ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಅಷ್ಟಕ್ಕೇ ಬಿಡಲಿಲ್ಲ.

"ಪ್ರೀತಿ ಅಂದ್ರೆ? ಸರಿಯಾಗಿ ಹೇಳಿ. ಇನ್ನೂ ಮೂರು ತಿಂಗಳು ಜಗಳ ಆಡೋ ಶಕ್ತಿ ನನಗಿಲ್ಲ."

ಅವನು ಅವಳ ದೋಣಿಯ ಅಂಚು ಹಿಡಿದು ನಿಂತ.

"ಈ ಬುಧವಾರ ಬೇರೆ ದೋಣೀಲಿ ಹೋದೆ. ಮೂರು ಸಲ ಮುಳುಗಿ ಮೂರು ಬೇರೆಬೇರೆ ಸಂಖ್ಯೆ ಬರೆದೆ. ವಾಪಸ್ ಅಂಬೊನ್‌ಗೆ ಬಾ ಅಂತ ಕಚೇರಿಯವರು ಪತ್ರ ಹಾಕಿದ್ರು, ಬರಲ್ಲ ಅಂದೆ. ಮುದುಕನಾದ ಮೇಲೂ ನಿಮ್ಮ ದೋಣೀಲಿ ಕೂತು ಬೈಸಿಕೊಳ್ಳಬೇಕು ಅನ್ಸುತ್ತೆ."

"ಅಷ್ಟೇನಾ?"

"ಇನ್ನೂ ಇದೆ. ಅದಕ್ಕೆ ಮಾತು ಸಿಕ್ತಿಲ್ಲ..."

ಯೆಮಿಮಾ ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಸಿಗೋವರೆಗೂ ಇಲ್ಲೇ ಇರು."

"ಇರ್ತೀನಿ ಕಣೇ."