ದೋಣಿ ಬಿಟ್ಟು ಕಂಬಳಿ ಕದ್ದವರು

ಸ್ವಿಚ್ ಒತ್ತಿದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ನೆಲಮಾಳಿಗೆಯ ಗೋದಾಮು ಮುಕ್ಕಾಲು ಪಾಲು ಖಾಲಿ.

ಜನರೇಟರ್ ಇಲ್ಲ. ಕಂಬಳಿ ಕಟ್ಟುಗಳಿಲ್ಲ. ವೈರ್‌ಲೆಸ್ ಸೆಟ್ಟು, ಔಷಧಿ ಪೆಟ್ಟಿಗೆ, ಬ್ಯಾಟರಿ ದೀಪ — ಒಂದೂ ಇಲ್ಲ. ಉಳಿದದ್ದು ಗಾಳಿ ತುಂಬಿಟ್ಟ ರಬ್ಬರ್ ದೋಣಿ, ತೇಲುವ ಜಾಕೆಟ್‌ಗಳು, ನೈಲಾನ್ ಹಗ್ಗ, ಟಾರ್ಪಾಲು, ಒಂದಷ್ಟು ಪ್ಲಾಸ್ಟಿಕ್ ಡ್ರಮ್ಮು.

ನೆರೆಯೋ ಬೆಂಕಿಯೋ ಬಂದರೆ ಊರು ಕೈಕಟ್ಟಿ ಕೂರಬಾರದೆಂದು ಸರ್ಕಾರ ಕೊಟ್ಟ ಅನುದಾನದಲ್ಲಿ ಕೊಂಡ ಸಾಮಾನು ಅದು. ಪುರಸಭೆಯಲ್ಲಿ ತುರ್ತು ಸಿದ್ಧತಾ ವಿಭಾಗ ಎಂದರೆ ಅವಳೊಬ್ಬಳೇ. ಅರ್ಜಿ ಬರೆದವಳು ಅವಳು, ಅದು ವಾಪಸ್ ಬಂದಾಗಲೆಲ್ಲ ಹಲ್ಲು ಕಚ್ಚಿ ತಿದ್ದಿದವಳೂ ಅವಳೇ. ಮುಂದಿನ ತಿಂಗಳು ತಪಾಸಣೆಗೆ ಬರಬೇಕಿದ್ದ ಅಧಿಕಾರಿಣಿ, ಇವತ್ತೇ ಮಧ್ಯಾಹ್ನ ಬರುತ್ತೇನೆಂದು ಬೆಳಗ್ಗೆ ಫೋನು ಮಾಡಿದ್ದರು. ಸಾಮಾನು ಕಣ್ಣಾರೆ ಕಂಡರೆ ಎರಡನೇ ಕಂತು, ಅದರಲ್ಲಿ ಊರಿಗೊಂದು ಸೈರನ್. ಕಾಣದಿದ್ದರೆ ಕಂತೂ ಇಲ್ಲ, ಕಳ್ಳಿ ಎಂಬ ಹೆಸರು ಬೇರೆ.

ಅವಳು ಪೊಲೀಸರಿಗೆ ಫೋನು ಮಾಡಲಿಲ್ಲ. ಅವರಿಗಿಂತ ಗಟ್ಟಿ ಕುಳ ಮನೆಯಲ್ಲೇ ಇತ್ತು.

“ಅತ್ತೆ, ಒಂದ್ಸಲ ಆಫೀಸಿಗೆ ಬರ್ತೀರಾ?”

“ಏನು ಕಳ್ಕೊಂಡೆ?” ಎಂದರು ಅತ್ತೆ.

ಅತ್ತೆ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದವರು. ನಿವೃತ್ತಿ ಆದದ್ದು ಸಂಬಳಕ್ಕೆ ಮಾತ್ರ. ಮನೆಯಲ್ಲಿ ಸಕ್ಕರೆ ಡಬ್ಬಿ ಜಾಗ ಬದಲಾಯಿಸಿದರೂ ವಿಚಾರಣೆ ನಡೆಯುತ್ತಿತ್ತು. ಸೊಸೆಯನ್ನು ಪುರಸಭೆಯಲ್ಲಿ ಎಲ್ಲರೂ ‘ಇನ್ಸ್‌ಪೆಕ್ಟರಮ್ಮನ ಸೊಸೆ’ ಎಂದು ಕರೆದು ಕರೆದು, ಕೊನೆಗೆ ಬರೀ ‘ಸೊಸೆ’ ಉಳಿದಿತ್ತು.

ಆಟೋ ಇಳಿದ ಅತ್ತೆ ನೇರ ನೆಲಮಾಳಿಗೆಗೆ ಬಂದರು. ಗೋಡೆ ಮುಟ್ಟಿದರು, ನೆಲ ನೋಡಿದರು. ಒಣಗಿದ ನೆಲ, ಧೂಳು, ಮೂಲೆಯಲ್ಲಿ ನೀರು ಹೋಗುವ ಜಾಲರಿ, ಬದಿಯಲ್ಲಿ ಸರಕಿನ ಲಿಫ್ಟಿನ ಬಾಗಿಲು.

“ಬೀಗದ ಕೈ?”

“ಒಂದು ನನ್ನ ಹತ್ರ. ಇನ್ನೊಂದು ಕಾವಲುಗಾರರ ಕೋಣೆಯ ಮೊಳೆಗೆ ನೇತಾಡ್ತಿರುತ್ತೆ. ತುರ್ತು ಅಂದ್ರೆ ಯಾರ ಕೈಗಾದ್ರೂ ಸಿಗಬೇಕಲ್ಲ, ಅತ್ತೆ.”

“ಸಿಕ್ಕಿದೆ ಬಿಡು.”

ಕಾವಲುಗಾರ ಮೆಟ್ಟಿಲ ಮೇಲಿಂದ ಓಡಿ ಬಂದ. ತೋಳಿನವರೆಗೂ ಒದ್ದೆ.

“ಎಲ್ಲಿದ್ರಿ?”

“ಮೇಲಿನ ದೊಡ್ಡ ಟ್ಯಾಂಕ್ ತೊಳೆಯೋ ದಿನ ಇವತ್ತು, ಅಮ್ಮಾ. ಒಳಗೆಲ್ಲ ಉಜ್ಜಿ, ಈಗಷ್ಟೇ ಕೊಳೆ ನೀರು ಬಿಟ್ಟು ಬಂದೆ.”

“ಗೇಟು ದಾಟಿ ಸಾಮಾನು ಹೋಯ್ತಾ?”

“ಸಾಧ್ಯವೇ ಇಲ್ಲ. ರಜಾ ದಿನ ನಾನಿರಲ್ಲ ನಿಜ, ಆದ್ರೆ ದೊಡ್ಡ ಗೇಟಿನ ಕೀ ನನ್ನ ಸೊಂಟದಲ್ಲೇ ಇರುತ್ತೆ. ಚಿಕ್ಕ ಗೇಟಲ್ಲಿ ಮನುಷ್ಯ ತೂರಬಹುದು, ಜನರೇಟರ್ ತೂರಲ್ಲ.”

ಅವನು ಅಷ್ಟಕ್ಕೇ ಬಿಡಲಿಲ್ಲ. ಪಕ್ಕದ ಶಾಮಿಯಾನ ಅಂಗಡಿಯವನ ಕಡೆ ಬೆರಳು ತೋರಿಸಿದ. ಬಾಡಿಗೆಗೆ ಜನರೇಟರ್ ಬಿಡುವವನು, ಮದುವೆ ಕಾಲ, ಇಲ್ಲಿ ಪುಕ್ಕಟೆ ಸಿಕ್ಕರೆ ಬಿಟ್ಟಾನೆಯೇ? ಶಾಮಿಯಾನದವನನ್ನು ಕರೆಸಿದರು. ಅವನು ಗೋದಾಮಿನಲ್ಲಿ ಕಣ್ಣಾಡಿಸಿ, ಉರಿದುಬಿದ್ದ.

“ನಾನಾ? ಈ ಟಾರ್ಪಾಲು ನೋಡಿ, ಹೊಸದು. ದೋಣಿ ಬೆಲೆ ಗೊತ್ತಾ ನಿಮಗೆ? ಅದನ್ನೆಲ್ಲ ಬಿಟ್ಟು ಕಂಬಳಿ ಹೊತ್ಕೊಂಡು ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ?”

ಅತ್ತೆಯ ಮುಖ ಅರಳಿತು. ಸೊಸೆಗೆ ಆ ಮುಖದ ಪರಿಚಯವಿತ್ತು. ಪದಬಂಧದ ಕೊನೇ ಮನೆ ತುಂಬುವಾಗ ಹೀಗೇ ಆಗುತ್ತಿತ್ತು.

ಅಷ್ಟರಲ್ಲಿ ಎಂಜಿನಿಯರ್ ಇಳಿದು ಬಂದರು. ಎರಡನೇ ಮಹಡಿಯಲ್ಲಿ ಅವರ ಕಚೇರಿ. ಅಚ್ಚುಕಟ್ಟು ಮನುಷ್ಯ: ಇಸ್ತ್ರಿಯ ಶರ್ಟು, ಜೇಬಲ್ಲಿ ಎರಡು ಬಣ್ಣದ ಪೆನ್ನು, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಟಾರ್ಚು.

“ಛೆ ಛೆ, ಎಂಥಾ ಕೆಲಸ ಆಯ್ತು. ಪೊಲೀಸ್ ಗಿಲೀಸ್ ಬೇಡಮ್ಮ, ಇಲ್ಲೇ ಎಲ್ಲೋ ಇರುತ್ತೆ. ಅಧಿಕಾರಿಗೆ ಫೋನು ಮಾಡಿ, ಮುಂದಿನ ವಾರ ಬನ್ನಿ ಅನ್ನೋಣ.”

“ಈ ಗೋದಾಮು ಆರಿಸಿದ್ದು ಯಾರು?” ಎಂದರು ಅತ್ತೆ.

“ಜಾಗ ಯೋಗ್ಯ ಅಂತ ಪ್ರಮಾಣಪತ್ರ ಕೊಟ್ಟಿದ್ದು ನಾನೇ. ಅದಿಲ್ಲದೆ ಅನುದಾನ ಎಲ್ಲಿ ಬರ್ತಿತ್ತು?”

ಸೊಸೆಗೆ ಅಳು ಬರುವಂತಾಯಿತು. “ಸಾರ್, ಅರ್ಜಿಯಲ್ಲಿ ಹೇಳಿದ ಜಾಗ ಬಿಟ್ಟು ಸಾಮಾನು ಕದಲಿಸೋ ಹಾಗಿಲ್ಲ. ಅಧಿಕಾರಿ ಕೇಳಿದ್ರೆ ನಾನೇನು ಹೇಳ್ಲಿ?”

ಎಂಜಿನಿಯರ್ ಟಾರ್ಚನ್ನು ಮೂಲೆಯ ಜಾಲರಿಯತ್ತ ತಿರುಗಿಸಿದರು.

“ನಾನು ಹೇಳ್ತೀನಿ,” ಎಂದು ಅತ್ತೆ ಡ್ರಮ್ಮೊಂದನ್ನು ಬೋರಲು ಹಾಕಿ ಕೂತರು. “ಕಳ್ಳ ಏನು ಒಯ್ದ ಅಂತ ಎಲ್ರೂ ನೋಡಿದ್ರಿ. ಏನು ಬಿಟ್ಟ ಅಂತ ಶಾಮಿಯಾನದವರು ನೋಡಿದ್ರು. ದೋಣಿ, ಜಾಕೆಟ್, ನೈಲಾನ್, ಟಾರ್ಪಾಲು, ಪ್ಲಾಸ್ಟಿಕ್. ಬೆಲೆ ನೋಡಿ ಆರಿಸಿದ್ದಲ್ಲ ಇದು. ನೆನೆದ್ರೆ ಹಾಳಾಗೋದು ಹೋಗಿದೆ, ನೆನೆದ್ರೂ ಏನೂ ಆಗದ್ದು ಉಳಿದಿದೆ.”

“ನೆನೆಯೋದಾ? ಇಲ್ಲಿ ನೀರೆಲ್ಲಿದೆ?” ಎಂದ ಶಾಮಿಯಾನದವನು.

“ಅದೇ ನನ್ನ ಪ್ರಶ್ನೆನೂ. ನಾನು ಚಪ್ಪಲೀಲಿ ಬಂದೆ, ನೀವು ಚಪ್ಪಲೀಲಿ ಬಂದ್ರಿ, ಇವಳೂ ಚಪ್ಪಲೀಲೇ ಇದ್ದಾಳೆ. ಒಣ ನೆಲಕ್ಕೆ, ಬಿಸಿಲಿನ ದಿನ, ಒಬ್ಬರು ಮಾತ್ರ ರಬ್ಬರ್ ಬೂಟು ಹಾಕ್ಕೊಂಡು ಬಂದಿದ್ದಾರೆ. ಯಾಕೆ, ಎಂಜಿನಿಯರ್ ಸಾಹೇಬ್ರೇ?”

ಉತ್ತರ ಮೂಲೆಯ ಜಾಲರಿಯಿಂದ ಬಂತು. ಮೊದಲು ಗುಳುಗುಳು ಸದ್ದು. ಆಮೇಲೆ ಕಂದು ನೀರು ಮೇಲೆ ಉಕ್ಕಿ, ಧೂಳನ್ನು ತಳ್ಳುತ್ತಾ ಅವರ ಕಡೆಗೇ ಹರಿದುಬಂತು. ಶಾಮಿಯಾನದವನು ಮೆಟ್ಟಿಲು ಹತ್ತಿದ.

“ಟ್ಯಾಂಕಿನ ನೀರು,” ಎಂದರು ಎಂಜಿನಿಯರ್ ತಗ್ಗಿದ ದನಿಯಲ್ಲಿ. “ಹಿಂದಿನ ಮೋರಿ ಕಟ್ಕೊಂಡಿದೆ, ಹಿಮ್ಮುಖವಾಗಿ ಬರುತ್ತೆ. ಹೋದ ಸಲ ಟ್ಯಾಂಕ್ ತೊಳೆದ ದಿನ ಜಾಲರಿ ಸುತ್ತ ಮಾತ್ರ ಸ್ವಲ್ಪ ನೀರು ಕಂಡೆ. ಇಲ್ಲಿಗೆ ನೀರು ಬರೋದೇ ಇಲ್ಲ ಅಂತ ಸಹಿ ಹಾಕಿದ್ದೆ. ಯಾವ ಬಾಯಲ್ಲಿ ಹೇಳ್ಲಿ?”

“ಅದಕ್ಕೆ ರಜಾ ದಿನ ಚಿಕ್ಕ ಗೇಟಲ್ಲಿ ಬಂದು, ಮೊಳೆಯ ಕೀ ತಗೊಂಡ್ರಿ.”

“ಸರಕಿನ ಲಿಫ್ಟಲ್ಲಿ ಸಾಗಿಸಿದೆ. ನನ್ನ ಹಳೇ ನಕ್ಷೆಗಳ ಕೋಣೇಲಿ ಇದೆ ಎಲ್ಲ. ಮೋರಿ ಸರಿಮಾಡಿಸಿ, ತಪಾಸಣೆಗೆ ಮುಂಚೆ ವಾಪಸ್ ಇಡೋಣ ಅಂತಿದ್ದೆ. ಅವರು ಇವತ್ತೇ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?”

“ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ, ಸಾರ್?” ಎಂದಳು ಸೊಸೆ. ಸಿಟ್ಟು ಬಂದಿತ್ತು, ಆದರೆ ಎದೆಯ ಭಾರ ಇಳಿದ ಮೇಲೆ ಸಿಟ್ಟಿಗೆ ಅಷ್ಟು ಖಾರವಿರಲಿಲ್ಲ.

“ಅಧಿಕಾರಿ ಬಂದ್ರು,” ಎಂದು ಕಾವಲುಗಾರ ಮೇಲಿನಿಂದ ಕೂಗಿದ.

ಅತ್ತೆ ಸೀರೆ ಎತ್ತಿ ಹಿಡಿದು ಎದ್ದರು. “ನೀವು ಹೇಳ್ತೀರೋ, ನಾನು ಹೇಳ್ಲೋ?”

ಎಂಜಿನಿಯರ್ ತಾವೇ ಹೇಳಿದರು. ಮೆಟ್ಟಿಲ ಮೇಲೆ ನಿಂತು, ಪ್ರಮಾಣಪತ್ರದಿಂದ ಹಿಡಿದು ಲಿಫ್ಟಿನವರೆಗೆ, ಏನೂ ಮುಚ್ಚಿಡದೆ. ಅಧಿಕಾರಿಣಿ ಕೆಳಗಿನ ಕೊಳೆ ನೀರನ್ನೂ ಅದರಲ್ಲಿ ಮೆಲ್ಲಗೆ ತೇಲಲು ಹೊರಟಿದ್ದ ದೋಣಿಯನ್ನೂ ಬಹಳ ಹೊತ್ತು ನೋಡಿದರು.

“ಸಾಮಾನು ಒಣಗೇ ಇದ್ಯಾ?” ಎಂದರು ಕೊನೆಗೆ.

“ಒಂದು ಹನಿ ಬಿದ್ದಿಲ್ಲ, ಮೇಡಂ,” ಎಂದರು ಎಂಜಿನಿಯರ್.

“ನಾನು ನೋಡೋಕೆ ಬಂದಿದ್ದೂ ಅದನ್ನೇ. ಎಷ್ಟೋ ಊರಲ್ಲಿ ಹೇಳಿದ ಜಾಗದಲ್ಲೇ ಇರುತ್ತೆ, ನೆನೆದು ಬೂಷ್ಟು ಹಿಡಿದಿರುತ್ತೆ. ಸುಳ್ಳು ಪ್ರಮಾಣಪತ್ರಕ್ಕೆ ನಿಮ್ಮಿಂದ ವಿವರಣೆ ಕೇಳ್ತೀನಿ, ಬಿಡಲ್ಲ. ಗೋದಾಮು ಮೇಲಿನ ಮಹಡಿಗೆ ಅಂತ ಇವತ್ತೇ ಹೊಸ ಅರ್ಜಿ ಕೊಡಿ. ಸೈರನ್ ಕಂತಿಗೆ ಶಿಫಾರಸು ಬರೀತೀನಿ.”

ಎಂಜಿನಿಯರ್ ಬೂಟು ಕಳಚಿ, ಬರಿಗಾಲಲ್ಲಿ ನೀರಿಗಿಳಿದು ದೋಣಿ ಹಿಡಿದುಕೊಂಡರು.

ಸಂಜೆ ಮನೆಗೆ ನಡೆಯುವಾಗ ಸೊಸೆ ಅತ್ತೆಯ ತೋಳು ಹಿಡಿದುಕೊಂಡಳು. ಇಡೀ ಬೀದಿ ಅವಳ ಕಣ್ಣಿಗೆ ಚೆಂದ ಕಾಣುತ್ತಿತ್ತು.

“ನನಗೆ ಮೊದಲು ನಿನ್ನ ಮೇಲೇ ಅನುಮಾನ ಬಂತು,” ಎಂದರು ಅತ್ತೆ.

“ಅತ್ತೆ, ನನ್ನ ಮೇಲಾ?”

“ಬೀಗದ ಕೈ ನಿನ್ನ ಹತ್ರ ಇತ್ತಲ್ಲ. ಆಮೇಲೆ ನೋಡಿದೆ, ನೆನೆಯೋದು ಬೇರೆ, ನೆನೆಯದ್ದು ಬೇರೆ, ಎಲ್ಲ ವಿಂಗಡ ಆಗಿದೆ.” ಅತ್ತೆ ನಿಟ್ಟುಸಿರಿಟ್ಟರು. “ದಿನಾ ಒದ್ದೆ ಟವೆಲ್ಲನ್ನ ಒಗೆದ ಬಟ್ಟೆ ಮೇಲೆ ಎಸೆಯೋಳು ನೀನು. ಅಲ್ಲಿಗೆ ನಿನ್ನನ್ನ ಬಿಟ್ಟುಬಿಟ್ಟೆ.”